ಹೆಗಲ ಮೇಲೊಂದು ಗುಟ್ಟು

ಮುದುಕರು ಬೀಳುವುದು ನಗುವ ವಿಷಯವಲ್ಲ. ಆದರೆ ಬೀಳದೆ ಇರಲು ಅವರು ಹೂಡುವ ಆಟಗಳಿವೆಯಲ್ಲ, ಶಾನುಭೋಗಿಕೆ ಮಾಡಿದಷ್ಟು ದಿನವೂ ನನಗೆ ಅವೇ ಮನರಂಜನೆ. ಎಲ್ಲಕ್ಕೂ ನಮ್ಮೂರ ಪಟೇಲರೇ ಮೊದಲಿಗರು.

೧. ಕೋಲು

ಪಟೇಲರು ನಾಲೆ ಏರಿಯ ಮೇಲೆ ಜಾರಿ ಬಿದ್ದರು. ಮದ್ದೂರಿನ ಡಾಕ್ಟರು, "ಇನ್ನೊಂದು ಸಲ ಬಿದ್ದರೆ ಸೊಂಟ ಮುರಿಯುತ್ತೆ, ಆಮೇಲೆ ಏಳೋ ಹಾಗಿಲ್ಲ. ಕೋಲು ಹಿಡೀರಿ" ಎಂದರು.

ಹೊರಗೆ ಬಂದ ಪಟೇಲರು ಜೊತೆಗೆ ಹೋಗಿದ್ದ ನನ್ನ ಮೇಲೆ ರೇಗಿದರು. "ಕೋಲು ಇಡ್ಕಂಡ್ರೆ ಅಮಲ್ದಾರ್ರು ಸುಮ್ಕಿರ್ತಾರಾ ಸಾನುಬೋಗ್ರೆ? ವಯಸ್ಸಾಯ್ತು, ಮಗುಂಗೆ ಬುಟ್ಕೊಡಿ ಅಂತಾರೆ. ಪಟೇಲ್ಕೆ ಓದ್ಮೇಲೆ ನನ್ನ ಯಾರು ಮಾತಾಡುಸ್ತಾರೆ?"

ಪಾಪ ಅನ್ನಿಸಿತು. ಪಕ್ಕದಲ್ಲಿದ್ದ ಅವರ ಮಗ ಮಾತ್ರ ಪೇಟೆಬೀದಿಯಲ್ಲಿ ಒಂದು ಒಳ್ಳೆ ಕೋಲು ಆಗಲೇ ನೋಡಿಟ್ಟಿದ್ದ.

೨. ಗುಟ್ಟು

ಮಾರನೆ ದಿನದಿಂದ ಪಟೇಲರಿಗೆ ಹೊಸ ಅಭ್ಯಾಸ. ಎಲ್ಲಿಗಾದರೂ ಹೊರಟರೆ ಹತ್ತಿರವಿದ್ದವನ ಹೆಗಲ ಮೇಲೆ ಕೈ ಹಾಕಿ, "ಬಾ ಇಲ್ಲಿ, ಒಂದ್ ಗುಟ್ಟು ಯೋಳ್ಬೇಕು" ಎಂದು ಪಿಸುಗುಡುತ್ತ, ಮನೆ ಮುಟ್ಟುವವರೆಗೂ ಆ ಹೆಗಲು ಬಿಡರು.

ನನ್ನ ಹೆಗಲಿಗೂ ಒಮ್ಮೆ ಆ ಭಾಗ್ಯ ಬಂತು. ಗುಟ್ಟೇನೆಂದರೆ, ಅವರ ಹಿತ್ತಲ ಸೋರೆಬಳ್ಳಿ ಹೂ ಬಿಟ್ಟಿತ್ತು.

ಮಡಿವಾಳನ ಹೆಗಲು ಗಟ್ಟಿ. ಹಾಗಾಗಿ ಹೆಚ್ಚಿನ ಗುಟ್ಟುಗಳು ಅವನಿಗೇ.

"ಏನಯ್ಯ ಹೇಳಿದರು?" ಎಂದು ಕೇಳಿದೆ.

"ಅವೆಲ್ಲ ಒರಗೆ ಯೋಳಂಗಿಲ್ಲ ಬುಡಿ ಸ್ವಾಮಿ" ಎಂದ, ಗಂಭೀರವಾಗಿ.

ಯುದ್ಧದ ಕಾಲ, ಸೀಮೆಎಣ್ಣೆಗೆ ಪರದಾಟ. ಎಣ್ಣೆಗೆ ಪಟೇಲರ ಶಿಫಾರಸು ಬೇಕಾದವರೆಲ್ಲ ಮಡಿವಾಳನ ಮನೆಗೆ ಹೋಗತೊಡಗಿದರು.

೩. ದಾಯಾದಿ

ಅಮಲ್ದಾರರು ಕೆರೆ ತೂಬು ನೋಡಲು ಬಂದರು. ಮಳೆ ನಿಂತು ಮೆಟ್ಟಿಲೆಲ್ಲ ಪಾಚಿ. ಅಂದೇ ಮಡಿವಾಳ ಊರಲ್ಲಿಲ್ಲ. ಪಟೇಲರ ಕೈಗೆಟುಕಿದ್ದು ಒಂದೇ ಹೆಗಲು, ಅವರದೇ ವಯಸ್ಸಿನ ದಾಯಾದಿಯದು. ಬದುವಿನ ವಿಷಯಕ್ಕೆ ಮಂಡ್ಯದ ಕೋರ್ಟಿನಲ್ಲಿ ಕೇಸಾಡುತ್ತ, ವರ್ಷಗಟ್ಟಲೆ ಮುಖ ನೋಡದವರು. ಪಟೇಲರು ಕಣ್ಣು ಮುಚ್ಚಿ ಕೈ ಹಾಕಿಯೇಬಿಟ್ಟರು.

"ಏನ್ಲಾ?" ಎಂದ ದಾಯಾದಿ.

"ಗುಟ್ಟು ಯೋಳ್ಬೇಕು."

"ಯೋಳು."

ಆ ಗಾಬರಿಯಲ್ಲಿ ಸೋರೆಬಳ್ಳಿಯೂ ನೆನಪಾಗಲಿಲ್ಲ. "ಕೈ ಬುಟ್ರೆ ಬಿದ್ದೋಯ್ತೀನಿ ಕಣ್ಲಾ."

ದಾಯಾದಿ ಅತ್ತಿತ್ತ ನೋಡಿ ಪಟೇಲರ ಸೊಂಟ ಭದ್ರವಾಗಿ ಹಿಡಿದ. "ನಂದೂ ಅದೇ ಗತಿ ಕಣ್ಲಾ. ಯಾರಾನಾ ಬತ್ತಾರಾ ಅಂತ ಆಗ್ಲಿಂದ ಇಲ್ಲೇ ನಿಂತಿವ್ನಿ."

ಅಮಲ್ದಾರರು ತಿರುಗಿ ನೋಡಿದರು. "ಭೇಷ್ ಪಟೇಲರೆ! ದಾಯಾದಿಯನ್ನೂ ಒಲಿಸಿಕೊಂಡಿದ್ದೀರಿ. ನೀವಿರುವವರೆಗೂ ಪಟೇಲಿಕೆ ನಿಮ್ಮದೇ."

ಊರಿಗೆ ಊರೇ ರಾಜಿಯಾಯಿತೆಂದು ಸಂಭ್ರಮಪಟ್ಟಿತು. ಆದರೆ ಬದು ಬಿಡಲು ಇಬ್ಬರೂ ತಯಾರಿಲ್ಲ. ಮುಂದಿನ ವಾಯಿದೆಗೆ ವಾದಿ, ಪ್ರತಿವಾದಿ ಒಬ್ಬರನ್ನೊಬ್ಬರು ತಬ್ಬಿಕೊಂಡೇ ಮಂಡ್ಯದ ಕೋರ್ಟಿನ ಮೆಟ್ಟಿಲು ಹತ್ತಿದರು.