ಬೋಣಿಗೆಗೆ ಮೊದಲೇ ಭರ್ತಿಯಾದ ಬಸ್ಸು

ಇಂಥವೆಲ್ಲ ನನಗೇ ಯಾಕೆ ಗಂಟುಬೀಳುತ್ತವೋ ಆ ದೇವರಿಗೇ ಗೊತ್ತು. ಹಿಮಾಯತ್‌ನಗರದ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ನಾನು ಸರ್ವರ್ ಕಡೆಯ ಪ್ರೋಗ್ರಾಮರ್. ಅಂದರೆ ಅಡುಗೆಮನೆಯವನು. ಒಳಗೆ ಬೇಯಿಸಿ ಕಳಿಸುವುದಷ್ಟೇ ನನ್ನ ಕೆಲಸ, ಪಂಕ್ತಿಯಲ್ಲಿ ಕೂತವರ ಮುಖ ನೋಡಿದವನಲ್ಲ. ನೆಮ್ಮದಿಯಾಗಿದ್ದವನನ್ನು ಈ ವಯಸ್ಸಿನಲ್ಲಿ ಎಬ್ಬಿಸಿ, ಇನ್ನು ಬಡಿಸುವುದೂ ನೀನೇ ಅಂದರು.

೧. ಹುಣಸೆಹಣ್ಣು

ಇಲ್ಲಿಂದ ವಿಜಯಪುರಕ್ಕೆ ಹೊಸದಾಗಿ ಬಸ್ ಬಿಡಲು ಹೊರಟಿದ್ದ ಟ್ರಾವೆಲ್ಸ್ ಮಾಲೀಕರೊಬ್ಬರಿಗೆ ಸೀಟು ಬುಕ್ ಮಾಡುವ ಪೇಜು ಬೇಕಿತ್ತು. ನಾನು ಮಾಡಿದ ಪೇಜಿನಲ್ಲಿ ಒಂದು ಸೀಟು ಒತ್ತಿದರೆ ಇಡೀ ಪೇಜು ಬೆಳ್ಳಗಾಗಿ, ಮತ್ತೆ ಮೊದಲಿನಿಂದ ಬರುತ್ತಿತ್ತು. ನನಗದು ಸರಿಯಾಗಿಯೇ ಕಂಡಿತ್ತು. ನನಗಿಂತ ಎಷ್ಟೋ ಚಿಕ್ಕವನಾದ ನಮ್ಮ ಮ್ಯಾನೇಜರ್ ಮಾತ್ರ ಹಣೆ ಚಚ್ಚಿಕೊಂಡ. ಒತ್ತಿದ ಸೀಟಷ್ಟೇ ಬಣ್ಣ ಬದಲಿಸಬೇಕು, ಪೇಜು ಅಲ್ಲಾಡಕೂಡದು, ತಿಂಗಳೊಳಗೆ ಆಗದಿದ್ದರೆ ಈ ಕೆಲಸ ಹೊಸ ಹುಡುಗರಿಗೆ, ನಿಮಗೆ ಹಳೇ ರಿಪೋರ್ಟುಗಳ ರಿಪೇರಿ ಎಂದು ತೆಲುಗಿನಲ್ಲಿ ಸ್ಪಷ್ಟವಾಗಿ ಹೇಳಿದ. ರಿಪೇರಿಗೆ ಹೋದವರು ನಮ್ಮಲ್ಲಿ ಅಲ್ಲಿಂದ ನೇರ ಮನೆಗೇ ಹೋಗುತ್ತಾರೆ.

ಹೆದರಿ ಕಲಿಯಲು ಕೂತೆ. ಯಾವ ಪಾಠ ತೆರೆದರೂ ಮೊದಲು ಮಾಡಿಸುವುದು ಒಂದೇ, ಹೆಸರು ಒತ್ತಿದರೆ ಅದರ ಮೇಲೆ ಗೆರೆ ಬೀಳುವ ಪಟ್ಟಿ. ಬಸ್ಸಿನ ಸೀಟಿಗೆ ಬಣ್ಣ ಹಚ್ಚುವುದನ್ನು ಯಾವ ಪುಣ್ಯಾತ್ಮನೂ ಹೇಳಿಕೊಡಲಿಲ್ಲ. ವಾರವೆಲ್ಲ ಒದ್ದಾಡಿ ಅಕ್ಕಿ, ಬೇಳೆ, ಎಣ್ಣೆ ಅಂತ ಒಂದು ಪಟ್ಟಿ ಮಾಡಿ ಹೆಂಡತಿಗೆ ತೋರಿಸಿದೆ. ಆಕೆ ಬಗ್ಗಿ ನೋಡಿದಳು.

"ಇದಕ್ಕ ಒಂದು ವಾರ ಬೇಕಾತೇನ್ರಿ? ಅದೂ ಹುಣಸಿಹಣ್ಣ ಬಿಟ್ಟೀರಿ."

೨. ತಿರುಗುವ ಚಕ್ರ

ಅಂತೂ ಒಂದು ದಿನ ಸೀಟು ಒತ್ತಿದ ಕೂಡಲೇ ಹಸಿರಾಯಿತು. ಮಾಲೀಕರನ್ನು ಕರೆಸಿದೆವು. ವಿಜಯಪುರದ ಕಡೆಯವರು, ಬಾಯಲ್ಲಿ ಸದಾ ಅಡಿಕೆ. ಒತ್ತಿ ನೋಡಿ ಹುಬ್ಬು ಗಂಟಿಕ್ಕಿದರು.

"ಇಷ್ಟು ಲಗೂ ಹ್ಯಾಂಗಾತ್ರಿ? ಏನೋ ಗಡಬಡ ಐತಿ."

"ಲಗೂ ಆಗ್ಲಿ ಅಂತನ ಮಾಡೀನ್ರಿ," ಅಂದೆ.

"ಚಕ್ರ ತಿರಗಲಿಲ್ಲ, ಏನಿಲ್ಲ. ಗಿರಾಕಿಗೆ ಭರೋಸಾ ಹ್ಯಾಂಗ ಬರಬೇಕು?"

ಮ್ಯಾನೇಜರ್ ನನ್ನತ್ತ ನೋಡಿದ. ಬೇಗ ಆಗಲಿ ಎಂದು ದಿನಗಟ್ಟಲೆ ತಲೆ ಕೆಡಿಸಿಕೊಂಡ ನಾನೇ, ಏನೂ ಮಾಡದೆ ಸುಮ್ಮನೆ ಕಾಯಿಸುವ ಕೋಡಿನ ಸಾಲೊಂದನ್ನು ಬರೆದು, ಮೇಲೊಂದು ಚಕ್ರ ಇಟ್ಟೆ. ಅಳುವುದೊಂದು ಬಾಕಿ. ಮರುದಿನ ಮಾಲೀಕರು ಒತ್ತಿದರು. ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಕೊನೆಗೆ ಸೀಟು ಹಸಿರಾಯಿತು.

"ಹಾಂ! ಈಗ ನೋಡ್ರಿ, ಎಷ್ಟ ಫಾಸ್ಟ್ ಆತು!"

೩. ಮೆಹದಿಪಟ್ಟಣಂ ಸ್ಟಾಪು

ಉಳಿದದ್ದು ಒಂದೇ. ಒಬ್ಬರು ಸೀಟು ಹಿಡಿದರೆ ಉಳಿದವರೆಲ್ಲರ ಮೊಬೈಲಿನಲ್ಲೂ ಅದು ತಾನಾಗಿ ಕೆಂಪಾಗಬೇಕು. ತಿಂಗಳ ಕೊನೆಯ ದಿನ ಮಾಲೀಕರ ಮುಂದೆ ಪರೀಕ್ಷೆ. ನಾನಿಲ್ಲಿ ತೋರಿಸುವಾಗ ಬೇರೆಲ್ಲಿಂದಲೋ ಯಾರಾದರೂ ಒತ್ತಬೇಕಲ್ಲ, ಹೆಂಡತಿಗೆ ಹೇಳಿದೆ.

"ನಾ ಫೋನ್ ಮಾಡಿದ ಕೂಡ್ಲೇ ಈ ಲಿಂಕ್ ತೆಗೆದು ಸೀಟು ಬುಕ್ ಮಾಡು."

"ರೊಕ್ಕ?"

"ರೊಕ್ಕ ಬ್ಯಾಡ."

"ಎಷ್ಟು ಮಾಡ್ಲಿ?"

"ನಿನಗ ಎಷ್ಟು ಬೇಕೋ ಅಷ್ಟು. ಏನರ ಬರಲಿಲ್ಲಂದ್ರ ರಿಫ್ರೆಶ್ ಮಾಡು."

ಇದೇ ಊರಿನಲ್ಲಿರುವ ಆಕೆಯ ತವರಿನಲ್ಲಿ ಯಾರ ಮೊಬೈಲಿಗೆ ಏನಾದರೂ ನನ್ನನ್ನೇ ಕೇಳುತ್ತಾರೆ. ನಾನು ಕೊಡುವ ಔಷಧಿ ಈ ರಿಫ್ರೆಶ್ ಒಂದೇ.

ಬೆಳಿಗ್ಗೆ ಹೆಂಡತಿಗೆ ಫೋನ್ ಮಾಡಿದೆ. ಮಾಲೀಕರ ಕಣ್ಣೆದುರೇ ಒಂದು ಸೀಟು ಕೆಂಪಾಯಿತು. ಆಮೇಲೆ ಇನ್ನೊಂದು. ಆಮೇಲೆ ಮುಂದಿನ ಸಾಲುಗಳೆಲ್ಲ. ಹಿಂದಿನ ಗಾಲಿಯ ಮೇಲಿನ ಸೀಟುಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ.

"ಇನ್ನಾ ಬೋರ್ಡ್ ಹಾಕಿಲ್ಲ, ಆಗಲೇ ಗಿರಾಕಿ ಬಿದ್ದಾರಲ್ರಿ!" ಎಂದು ಮಾಲೀಕರು ಕುರ್ಚಿಯಿಂದ ಎದ್ದೇಬಿಟ್ಟರು. ಮ್ಯಾನೇಜರ್ ನನ್ನ ಕೈಕುಲುಕಿದ. ಕೆಲಸ ಉಳಿಯಿತು. ಹೆಂಡತಿಯ ಜಾಣತನಕ್ಕೆ ಮನಸೋತು, ಮನೆಗೆ ಹೋಗುವಾಗ ಜಿಲೇಬಿ ಕಟ್ಟಿಸಿಕೊಂಡೆ.

ಜಿಲೇಬಿ ಬಾಯಿಗಿಡುವಷ್ಟರಲ್ಲಿ ಅತ್ತೆಯ ಫೋನ್. ಹಿಂದೆ ಹಾರನ್ನು, ಮಕ್ಕಳ ಗಲಾಟೆ.

"ಅಳಿಯಂದ್ರ, ನಾವೆಲ್ಲಾ ಮೆಹದಿಪಟ್ಟಣಂಗೆ ಬಂದೇವಿ. ನಿಮ್ಮ ಬಸ್ ಎಲ್ಲಿ ನಿಲ್ತೈತ್ರಿ?"

ಹೆಂಡತಿಯ ಕಡೆ ನೋಡಿದೆ.

"ನಾಳೆ ಬಿಜಾಪುರದಾಗ ನಮ್ಮ ಮಾಮಾನ ಮಗಳ ಮದುವಿ ಐತಲ್ರಿ. ನೀವ ಅಂದ್ರಿ, ಎಷ್ಟು ಬೇಕೋ ಅಷ್ಟು ಅಂತ."

"ಅದು ಬರೇ ಟೆಸ್ಟಿಂಗ್! ಆ ಬಸ್ ಇನ್ನಾ ಶುರುನ ಆಗಿಲ್ಲ!"

"'ನಿಮ್ಮ ಸೀಟು ಪಕ್ಕಾ, ಶುಭ ಪ್ರಯಾಣ' ಅಂತ ಬರದವ್ರು ಯಾರು? ನಾನೇನು?"

ಬರೆದವನು ನಾನೇ. ಮಾಲೀಕರ ಕಾಲಿಗೆ ಬಿದ್ದು ಬೇರೆ ಬಸ್ ಕೇಳೋಣವೆಂದರೆ, ಬೆಳಗಿನ ಗಿರಾಕಿಗಳೆಲ್ಲ ನನ್ನ ಅತ್ತೆಮನೆಯವರೆಂದು ಗೊತ್ತಾಗಿ ಕೆಲಸ ಹೋಗುತ್ತದೆ. ಕೇಳದಿದ್ದರೆ ಅತ್ತೆಮನೆಯಲ್ಲಿ ಮರ್ಯಾದೆ ಹೋಗುತ್ತದೆ. ತಲೆಮೇಲೆ ಕೈಹೊತ್ತು ಕೂತಾಗ ಮತ್ತೆ ಫೋನ್ ಬಂತು. ಅತ್ತೆಯ ದನಿಯಲ್ಲಿ ಕೋಪವಿರಲಿಲ್ಲ, ಅಳಿಯನ ಮೇಲೆ ತುಂಬು ನಂಬಿಕೆ ಇತ್ತು.

"ಅಳಿಯಂದ್ರ, ನಿಂತು ನಿಂತು ಭಾಳ ಹೊತ್ತಾತು, ರೊಟ್ಟಿ ಗಂಟೂ ಬಿಚ್ಚಿದ್ವಿ. ಬಸ್ ಬರವಲ್ದು. ನೀವ ಅಲ್ಲಿಂದ ಒಂದ ಸಲ ರಿಫ್ರೆಶ್ ಮಾಡ್ರಲ್ಲ."