ಕಟ್ಟಿದ ದೋಣಿಯಲ್ಲಿ ಬಯಕೆಯ ಊಟ

ನಮ್ಮ ಮನೆತನದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಹೆಸರು ಅಂಟಿಕೊಂಡಿದೆ. ದೊಡ್ಡಪ್ಪ ಬಸ್ಸು ತಪ್ಪಿಸಿಕೊಳ್ಳುವವನು, ಸೋದರತ್ತೆ ಸಾರಿಗೆ ಎರಡು ಸಲ ಉಪ್ಪು ಹಾಕುವವಳು. ಇಂಥ ಹೆಸರು ಬರಲು ಒಂದು ದಿನ ಸಾಕು, ಹೋಗಬೇಕೆಂದರೆ ಆ ಮನುಷ್ಯನೇ ಹೋಗಬೇಕು. ಅರವತ್ತು ವರ್ಷ ನನಗೆ ಯಾವ ಹೆಸರೂ ಇರಲಿಲ್ಲ. ಅರವತ್ತೊಂದರಲ್ಲಿ ಬಂತು: ‘ಗಂಟು ಹಾಕಲು ಬಾರದವನು’. ಈಗ ಅವಲಕ್ಕಿ ಚೀಲದ ಬಾಯಿ ಕಟ್ಟಲೂ ನನ್ನ ಕೈಗೆ ಕೊಡುವುದಿಲ್ಲ. ಪುಣೆಯ ಹಡಪಸರದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಮೂವತ್ತೆರಡು ವರ್ಷ ದುಡಿದವನು ನಾನು. ನಾನು ನಿಂತು ಕಟ್ಟಿಸಿದ ಪಾರ್ಸೆಲ್ಲು ಎಲ್ಲಿಗೆ ಹೋಗಿ ಮುಟ್ಟಿದರೂ ಬ್ಲೇಡು ಹಾಕದೆ ಬಿಚ್ಚಲು ಆಗುತ್ತಿರಲಿಲ್ಲ. ಅಂಥವನಿಗೆ ಈ ಹೆಸರು ಹೇಗೆ ಬಂತು ಎಂದು ಹೇಳುವ ಮೊದಲು ಒಂದು ಸಂಗತಿ ಒಪ್ಪಿಕೊಳ್ಳಬೇಕು. ನಾವು ಗಂಡ ಹೆಂಡತಿ ದೋಣಿಯಲ್ಲಿ ವಾಸ ಮಾಡುತ್ತೇವೆ. ನಗುವವರು ಇಲ್ಲೇ ನಕ್ಕುಬಿಡಿ, ಮುಂದೆ ಹೇಳುವುದು ಬಹಳ ಇದೆ.

ನಾನು ಹುಟ್ಟಿದ್ದು ವಿಜಯಪುರ ಜಿಲ್ಲೆಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ. ಕೆಲಸ ಮಾಡಿದ್ದು ಪುಣೆಯಲ್ಲಿ, ವಾಸವಿದ್ದದ್ದು ಮೂರನೇ ಮಹಡಿಯಲ್ಲಿ, ಎದುರಿನ ಕಟ್ಟಡದವರು ಒಗೆದು ಹಾಕಿದ ಲುಂಗಿಗಳನ್ನು ನೋಡುತ್ತ. ನಿವೃತ್ತಿಯಾದ ಮೇಲೆ ಇಂದಾಪುರದ ಹತ್ತಿರ, ಅದೇ ಭೀಮೆಯ ಉಜನಿ ಹಿನ್ನೀರಿನಲ್ಲಿ, ಹಕ್ಕಿ ನೋಡಲು ಬರುವವರನ್ನು ಸುತ್ತಾಡಿಸುತ್ತಿದ್ದ ಒಂದು ಹಳೆಯ ದೊಡ್ಡ ದೋಣಿ ಮಾರಾಟಕ್ಕಿದೆ ಎಂದು ತಿಳಿಯಿತು. ಮೇಲೆ ತಗಡಿನ ಛಾವಣಿ, ಹಿಂದೆ ಒಂದು ಇಂಜಿನ್ನು. ನಾನು ಅದಕ್ಕೆ ಎರಡು ಮಂಚ, ಒಂದು ಅಡುಗೆ ಕಟ್ಟೆ, ಒಂದು ಪುಟ್ಟ ಬಚ್ಚಲು ಮಾಡಿಸಿದೆ. ಹಡಪಸರದ ಫ್ಲ್ಯಾಟನ್ನು ಎರಡು ವರ್ಷದ ಕರಾರಿನ ಮೇಲೆ ಬಾಡಿಗೆಗೆ ಕೊಟ್ಟೆವು. ಹೆಂಡತಿ ಕಸ್ತೂರಿ ಒಂದೇ ಒಂದು ಶರತ್ತು ಹಾಕಿದಳು. “ನೀವು ಎಲ್ಲೆರ ತಿರಗರಿ, ನಾ ಬರ್ತೀನಿ. ಆದ್ರ ಐತವಾರ ಮಗಳು ಬಂದಾಗ ತೌರಮನಿ ಇದ್ದಲ್ಲೇ ಇರಬೇಕು.” ಮಗಳು ಸವಿತಾ ಇರುವುದು ಹಡಪಸರದಲ್ಲಿ, ಗಂಡನ ಮನೆಯಲ್ಲಿ. ಅಲ್ಲಿಂದ ಎಸ್.ಟಿ. ಬಸ್ಸು ಹಿಡಿದರೆ ಮೂರು ತಾಸಿಗೆ ನಮ್ಮ ದಡ.

ಹೀಗಾಗಿ ನನ್ನ ಜಲವಿಹಾರವೆಂದರೆ ಗೂಟಕ್ಕೆ ಕಟ್ಟಿದ ಎಮ್ಮೆ ಹಗ್ಗದುದ್ದ ಮೇಯ್ದು ಬಂದ ಹಾಗೆ. ಸೋಮವಾರ ಹೊರಡುವುದು, ಬುಧವಾರದ ತನಕ ಹೋದಷ್ಟು ಹೋಗುವುದು, ಗುರುವಾರ ತಿರುಗುವುದು, ಶನಿವಾರ ಸಂಜೆಗೆ ಬಸ್ ಸ್ಟಾಪಿನ ಹತ್ತಿರದ ದಡಕ್ಕೆ ಬಂದು ಗೂಟ ಹೊಡೆಯುವುದು. ಭಾನುವಾರ ಮಗಳು ಬರುತ್ತಾಳೆ, ಜೋಳದ ರೊಟ್ಟಿ, ಝುಣಕ ಊಟ ಮಾಡುತ್ತಾಳೆ, ಕಟ್ಟಿದ ದೋಣಿಯಲ್ಲಿ ಒಂದು ನಿದ್ದೆ ಮಾಡಿ ನಾಲ್ಕರ ಬಸ್ಸಿಗೆ ಹೋಗುತ್ತಾಳೆ. ಅವಳಿಗೂ ಈಜುವ ಬಾತುಕೋಳಿ ಕಂಡರೆ ಖುಷಿ, ಆದರೆ ಎಂಟು ತಿಂಗಳಲ್ಲಿ ಒಂದು ಸಲವೂ ಅವಳು ಕೂತಿದ್ದಾಗ ದೋಣಿ ಹೊರಟಿರಲಿಲ್ಲ. “ಬಸ್ಸು ತಪ್ಪತದ” ಎಂದು ಕಸ್ತೂರಿ ಇಂಜಿನ್ನಿನ ಕೀಲಿಕೈ ಸೆರಗಿಗೆ ಕಟ್ಟಿಕೊಂಡಿರುತ್ತಿದ್ದಳು. ಇನ್ನು ಊರಿನವರ ಕಾಟ ಬೇರೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ನನ್ನ ಕಾಕಾನ ಮಗ ಫೋನು ಮಾಡಿ, “ಅಣ್ಣಾ, ಡ್ಯಾಮಿನಾಗ ಇದ್ದೀಯಲ್ಲೊ, ಒಂದೀಟು ನೀರು ಬಿಡಸೋ” ಎನ್ನುತ್ತಾನೆ. ಡ್ಯಾಮಿನ ಗೇಟಿನ ಕೀಲಿಕೈಯೂ ಕಸ್ತೂರಿಯ ಸೆರಗಿನಲ್ಲಿದೆ ಎಂದು ಅವನು ತಿಳಿದಿರಬೇಕು.

ಹೀಗಿರುವಾಗ ಸವಿತಾ ಬಸುರಿಯಾದಳು. ದೇವರಾಣೆ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ಪಗಾರ ಹೆಚ್ಚಾದಾಗಲೂ ಆಗಿರಲಿಲ್ಲ. ಆದರೆ ಮೂರನೆಯ ದಿನ ಕಸ್ತೂರಿ ಪಲ್ಯ ಹೆಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. “ಅಲ್ರೀ, ಚೊಚ್ಚಲ ಬಾಣಂತನ. ತೌರಿಗೆ ಕರಕೊಂಡು ಬರಬೇಕು. ಎಲ್ಲಿಗಿ ಕರಕೊಂಡು ಬರೋಣು?” ನಾನು ಸುತ್ತ ನೋಡಿದೆ. ಒಂದು ಕೊಕ್ಕರೆ ನಮ್ಮ ಲಂಗರಿನ ಹಗ್ಗದ ಮೇಲೆ ಕೂತಿತ್ತು. ಅದೂ ನನ್ನನ್ನೇ ನೋಡುತ್ತಿತ್ತು. ಮಗಳ ತವರುಮನೆಯನ್ನು ಬಾಡಿಗೆಗೆ ಕೊಟ್ಟು ನೀರಿನ ಮೇಲೆ ಕೂತ ಅಪ್ಪ ನಾನು ಎಂಬುದು ಆಗ ಮೊದಲ ಸಲ ಹೊಳೆಯಿತು.

ಬೀಗಿತ್ತಿ ಸುನಂದಾತಾಯಿ ಮರಾಠಿಯವರು, ಆದರೆ ಹುಟ್ಟಿ ಬೆಳೆದದ್ದು ಸೊಲ್ಲಾಪುರದಲ್ಲಿ. ಅವರ ಕನ್ನಡ ನನ್ನ ಕನ್ನಡಕ್ಕಿಂತ ಚುರುಕು. “ಬೀಗರ, ನಿಮ್ಮ ಮಗಳನ್ನ ಕಳಸಲಿಕ್ಕೆ ನಂದೇನೂ ಅಡ್ಡಿ ಇಲ್ಲರಿ. ಆದ್ರ ಕೂಸಿನ ತೊಟ್ಟಿಲ ತೂಗಬೇಕು, ಮನೀನ ತೂಗಿದ್ರ ಹ್ಯಾಂಗ?” ಎಂದರು. ನೇರ ಹಡಪಸರದ ನಮ್ಮ ಫ್ಲ್ಯಾಟಿಗೆ ಹೋದೆ, ಬಾಡಿಗೆಯವರಿಗೆ ಬೇಗ ಬಿಟ್ಟುಕೊಡಿ ಎಂದು ಕೇಳಲು. ಕಂಪ್ಯೂಟರ್ ಕೆಲಸದ ಹುಡುಗ ಹುಡುಗಿ, ಮೈಸೂರು ಕಡೆಯವರು. ಬಾಗಿಲು ತೆರೆದದ್ದು ಆ ಹುಡುಗಿಯ ತಾಯಿ. “ಓನರ್ ಅಲ್ವಾ? ಬನ್ನಿ ಬನ್ನಿ, ಕೂತ್ಕೊಳಿ. ಮಗಳಿಗೆ ಹೆರಿಗೆ ಆಯ್ತು, ಅವಳು ನಮ್ಮನೆಗೆ ಬರೋಕಾಗ್ಲಿಲ್ಲ, ಅದಕ್ಕೆ ನಾನೇ ಬಂದ್ಬಿಟ್ಟೆ” ಎಂದರು. ಒಳಗೆ ನಾನೇ ಸವಿತಾ ಹುಟ್ಟಿದಾಗ ತೊಲೆಗೆ ಹಾಕಿಸಿದ್ದ ಕೊಂಡಿಯಲ್ಲಿ ಯಾರದೋ ಕೂಸು ತೂಗುತ್ತಿತ್ತು. ಆಕೆ ಅಂಟಿನುಂಡೆ ಕೊಟ್ಟರು. ಎರಡು ತಿಂದೆ. ಕೂಸಿನ ಕೈಗೆ ನೋಟು ಇಟ್ಟೆ. “ಏನಾದ್ರೂ ಹೇಳ್ಬೇಕಿತ್ತಾ ಸಾರ್?” ಎಂದು ಕೇಳಿದಾಗ, “ಕೊಂಡಿ ಗಟ್ಟಿ ಅದನೋ ಇಲ್ಲೋ ನೋಡಲಿಕ್ಕೆ ಬಂದಿದ್ದೆ” ಎಂದು ಹೇಳಿ ಬಸ್ಸು ಹತ್ತಿದೆ. ಕಸ್ತೂರಿಗೆ ನಡೆದದ್ದನ್ನು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ, “ಅಂಟಿನುಂಡಿ ಹ್ಯಾಂಗಿತ್ತು?” ಎಂದಳು. ಬೈದಿದ್ದರೆ ಒಳ್ಳೆಯದಿತ್ತು.

ಏಳನೆಯ ತಿಂಗಳು ಬಂತು. ನಮ್ಮಲ್ಲಿ ಸೀಮಂತಕ್ಕೆ ಕುಬಸ ಮಾಡುವಂತೆ ಮರಾಠಿಗರಲ್ಲಿ ಡೊಹಾಳೆ ಜೇವಣ, ಅಂದರೆ ಬಯಕೆಯ ಊಟ. ಬಸುರಿಯನ್ನು ತೋಟದಲ್ಲಿ ಕೂರಿಸಿ ಮಾಡುತ್ತಾರೆ, ಬೆಳದಿಂಗಳಲ್ಲಿ ಮಾಡುತ್ತಾರೆ, ದೋಣಿಯಲ್ಲಿ ಕೂರಿಸಿಯೂ ಮಾಡುತ್ತಾರೆ. ಪುಣೆಯಲ್ಲಿ ಈಗ ದೋಣಿ ಎಲ್ಲಿಂದ ತರುವುದು? ಮದುವೆ ಮಂಟಪದವರೇ ಥರ್ಮಾಕೋಲಿನ ದೋಣಿ ಬಾಡಿಗೆಗೆ ಕೊಡುತ್ತಾರೆ. ಸುನಂದಾತಾಯಿ ಪುಣೆಯ ಕ್ಯಾಂಪ್ ಭಾಗದಲ್ಲಿ ಅಂಥದೊಂದು ಮಂಟಪ ನೋಡಿ ಬಂದು, ಗುಲಾಬಿ ಬಣ್ಣದ ದೋಣಿಯ ಫೋಟೊ ನಮ್ಮೆಲ್ಲರ ಫೋನಿಗೆ ಕಳಿಸಿದರು. ಸವಿತಾ ಅದನ್ನು ನೋಡಿ, “ನನಗ ಪಪ್ಪಾನ ದೋಣ್ಯಾಗ ಕೂಡಬೇಕು” ಎಂದಳಂತೆ. ಅಲ್ಲಿಗೆ ಮುಗಿಯಿತು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬುದನ್ನು ಸೊಲ್ಲಾಪುರವೂ ಒಪ್ಪುತ್ತದೆ, ವಿಜಯಪುರವೂ ಒಪ್ಪುತ್ತದೆ.

ಆದರೆ ಈಗ ಕಸ್ತೂರಿ ಅಡ್ಡ ನಿಂತಳು. “ಬಸುರಿ ಹೆಂಗಸು ಹೊಳಿ ದಾಟಬಾರದು. ನಮ್ಮ ಹಿರ್‍ಯಾರು ಹೇಳ್ಯಾರ.” ಒಬ್ಬರ ಶಾಸ್ತ್ರ ದೋಣಿ ಹತ್ತಿಸು ಎನ್ನುತ್ತದೆ, ಇನ್ನೊಬ್ಬರ ಶಾಸ್ತ್ರ ಹೊಳೆ ದಾಟಿಸಬೇಡ ಎನ್ನುತ್ತದೆ. ಇಬ್ಬರೂ ಬೀಗಿತ್ತಿಯರು ಫೋನಿನಲ್ಲಿ ಮಾತಾಡಿ ಒಂದು ರಾಜಿಗೆ ಬಂದರು. ದೋಣಿಯಲ್ಲೇ ಕೂರಿಸುವುದು, ಆದರೆ ದೋಣಿಯನ್ನು ದಡಕ್ಕೆ ಗಟ್ಟಿಯಾಗಿ ಕಟ್ಟಿರಬೇಕು. ಸುನಂದಾತಾಯಿ ಮೇಲೊಂದು ಮಾತು ಸೇರಿಸಿದರು. “ಅವತ್ತ ಮನಿ ಒಂದ ಕಡೆ ಗಪ್ಪನೆ ನಿಂತಿತು ಅಂದ್ರ, ಬಾಣಂತನಕ್ಕೂ ಅಲ್ಲೇ ಕಳಸ್ತೀನ್ರಿ. ಅಲ್ಲಾಡ್ತು ಅಂದ್ರ ಇಲ್ಲ.” ಮಗಳ ತವರು ನಾನು ಹಾಕುವ ಎರಡು ಗಂಟುಗಳ ಮೇಲೆ ನಿಂತಿತು.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಎಲ್ಲರೂ ಬಂದರು. ಸುನಂದಾತಾಯಿ ಪೈಠಣಿ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಟ್ಟಿದ್ದರು. “ಕಟ್ಟೇದರಿ, ಮುಳಗಂಗಿಲ್ಲ” ಎಂದೆ. “ಕಟ್ಟಿದವರು ನೀವ ಅಲ್ಲರಿ?” ಎಂದರು. ಮುಂದಿನ ತುದಿಗೆ ಒಂದು ಹಗ್ಗ, ಹಿಂದಿನ ತುದಿಗೆ ಒಂದು ಹಗ್ಗ. ಅವರು ಎರಡನ್ನೂ ಎಳೆದು ನೋಡಿದರು. ನನ್ನ ಪಕ್ಕದಲ್ಲಿ ಸೋಪಾನಕಾಕಾ ಇದ್ದ. ಇಲ್ಲಿಯ ಹಳೆಯ ಅಂಬಿಗ, ಎಪ್ಪತ್ತು ದಾಟಿದವನು, ನನಗೆ ದೋಣಿ ನಡೆಸಲು ಕಲಿಸಿದ ಗುರು. ಸವಿತಾ ಹಸಿರು ಸೀರೆ, ಹೂವಿನ ಜಡೆ ಹಾಕಿಕೊಂಡು ನಡುವೆ ಕೂತಳು. ಹತ್ತು ಹನ್ನೆರಡು ಜನ ಹೆಣ್ಣುಮಕ್ಕಳು ಸುತ್ತ ಕೂತು ಹಾಡು ಶುರು ಮಾಡಿದರು, ಒಂದು ಮರಾಠಿಯದು, ಒಂದು ಕನ್ನಡದ್ದು. ಹೋಳಿಗೆ, ಹುಗ್ಗಿ, ಐದು ಬಗೆಯ ಅನ್ನ. ನಾನೂ ಸೋಪಾನಕಾಕಾನೂ ಗಂಡಸರೆಂದು ಎರಡು ತುದಿಗೆ ಸರಿದೆವು. ನಾನು ಹಿಂದೆ, ಅವನು ಮುಂದೆ. ಆರತಿಯಾಗುವಾಗ ಸವಿತಾ ನನ್ನ ಕಡೆ ತಿರುಗಿ ಮೆಲ್ಲಗೆ, “ಪಪ್ಪಾ, ಇದು ಎಂದೂ ಹೋಗೂದ ಇಲ್ಲೇನು?” ಎಂದಳು.

ಊಟಕ್ಕೆ ಕೂತು ಕಾಲು ತಾಸಾಗಿರಬಹುದು. ಒಬ್ಬ ಮುದುಕಿ, “ದಡದಾಗಿನ ಬೇವಿನ ಗಿಡ ಎಲ್ಲಿ ಹೋತು?” ಎಂದಳು. ಎಲ್ಲರೂ ತಿರುಗಿ ನೋಡಿದರು. ಬೇವಿನ ಗಿಡ ತನ್ನ ಜಾಗದಲ್ಲೇ ಇತ್ತು, ನಾವು ಇರಲಿಲ್ಲ. ಗಾಳಿ ಮೆಲ್ಲಗೆ ದೂಡಿಕೊಂಡು ಬಂದು, ದೋಣಿ ಎದುರಿನ ದಡದ ಕಬ್ಬಿನ ಹೊಲಕ್ಕೆ ಕೂಗಳತೆಯಷ್ಟು ಹತ್ತಿರ ಬಂದಿತ್ತು. “ಅಯ್ಯ ನಮ್ಮವ್ವ, ಹೊಳಿ ದಾಟಿತು!” ಎಂದು ಕಸ್ತೂರಿ ಹಣೆ ಹಣೆ ಬಡಿದುಕೊಂಡಳು. ಸುನಂದಾತಾಯಿ ಹೋಳಿಗೆ ಹಿಡಿದ ಕೈಯಿಂದಲೇ ನನ್ನನ್ನು ತೋರಿಸಿ, “ಬೀಗರ! ಏನ ಗಂಟರಿ ಇದು? ಒಂದು ಗಂಟು ಹಾಕಲಿಕ್ಕೆ ಬರಂಗಿಲ್ಲಂದ್ರ ನನ್ನ ಸೊಸೀನ್ನ ಹ್ಯಾಂಗ ಕಳಸಲಿ?” ಎಂದರು. ಎಲ್ಲ ಕೈತಪ್ಪಿತು, ಮಗಳು ಇನ್ನು ನಮ್ಮಲ್ಲಿಗೆ ಬರುವುದಿಲ್ಲ ಎಂದುಕೊಂಡೆ.

ಆಗ ಮುಂದಿನ ತುದಿಯಿಂದ ಸೋಪಾನಕಾಕಾ ಎದ್ದ. “ಕುಠಲೀ ನದೀ, ತಾಯಿ? ಹೇ ಆಮಚಂ ಶೇತ” ಎಂದ. ಎಲ್ಲಿಯ ನದಿ, ಇದು ನಮ್ಮ ಹೊಲ. ಕೈಯಲ್ಲಿದ್ದ ಹುಟ್ಟನ್ನು ನೀರಿಗಿಳಿಸಿ ಲೆಕ್ಕ ಹೇಳುವವನಂತೆ ತೋರಿಸಿದ. ಡ್ಯಾಮಿನ ನೀರು ಬರುವ ಮೊದಲು ಇಲ್ಲಿ ಜೋಳ ಬೆಳೆಯುತ್ತಿದ್ದರಂತೆ. ಇಗೋ ಇಲ್ಲಿ ಬಾವಿ, ಅದರಾಚೆ ದನದ ಕೊಟ್ಟಿಗೆ, ಈಗ ಸವಿತಾ ಕೂತಿರುವುದರ ಕೆಳಗೆ ಅವರ ಮನೆಯ ಅಂಗಳ. ಇದು ಹೊಲಗಳಿಗೆ ನುಗ್ಗಿದ ಹಿನ್ನೀರಿನ ಒಂದು ತೋಳು ಮಾತ್ರ, ನಿಜವಾದ ನದಿ ಇಲ್ಲಿಂದ ಒಂದು ಮೈಲು ಆಚೆ ಇತ್ತು, ಈಗಲೂ ನೀರಿನ ಕೆಳಗೆ ಅಲ್ಲೇ ಇದೆ. “ನಮ್ಮ ಅಕ್ಕನ ಡೊಹಾಳೆ ಜೇವಣ ಇದೇ ಅಂಗಳದಲ್ಲಿ ಆಗಿತ್ತು. ಅದಾದ ಮೇಲೆ ಅವಳಿಗೆ ತವರಿಗೆ ಬರಲು ತವರೇ ಉಳಿಯಲಿಲ್ಲ” ಎಂದ. ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಹೆಣ್ಣುಮಕ್ಕಳೆಲ್ಲ ದೋಣಿಯ ಅಂಚಿನಿಂದ ಬಗ್ಗಿ ನೀರನ್ನು ನೋಡಿದರು. ಕಾಣಿಸಿದ್ದು ಹಸಿರು ನೀರು ಮಾತ್ರ. ಸುನಂದಾತಾಯಿ ಆರತಿಯ ತಟ್ಟೆಯಿಂದ ಅರಿಷಿಣ ಕುಂಕುಮ ತೆಗೆದು ಆ ನೀರಿಗೆ ಹಾಕಿದರು. ಆಮೇಲೆ ಕಸ್ತೂರಿಯ ಕಡೆ ತಿರುಗಿ, “ಅಕ್ಕಾರ, ಹೊಲ ದಾಟಿದರ ಏನೂ ದೋಷ ಇಲ್ಲ, ಹೌದಲ್ಲ?” ಎಂದರು. ಕಸ್ತೂರಿ ಕಣ್ಣು ಒರೆಸಿಕೊಂಡು, “ಇಲ್ರೀ, ಹೊಲಕ್ಕೇನು ದೋಷ” ಎಂದಳು. “ಹಂಗಾರ ಕೂಸು ಹುಟ್ಟಿ ದವಾಖಾನಿಂದ ಬಿಟ್ಟ ಮ್ಯಾಲ ಸವಿತಾನ್ನ ಕರಕೊಂಡು ಹೋಗ್ರಿ. ಆದ್ರ ನಾಕು ಹಗ್ಗ ಹಾಕ್ರಿ. ನಾಕೂ ನೀವ ಕಟ್ಟ್ರಿ, ಬೀಗರ ಕೈಯಾಗ ಕೊಡಬ್ಯಾಡ್ರಿ.”

ಆ ದಿನದಿಂದ ನನಗೆ ಈ ಹೆಸರು ನಿಂತಿತು. ಸತ್ಯ ಏನೆಂದು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಹಿಂದಿನ ಹಗ್ಗ ತಾನಾಗಿ ಬಿಚ್ಚಲಿಲ್ಲ. ಆರತಿಯ ಹಾಡು ಏರುತ್ತಿದ್ದಾಗ ನಾನೇ ಬೆನ್ನ ಹಿಂದೆ ಕೈ ಹಾಕಿ ಬಿಚ್ಚಿದೆ. ಮಗಳು ಕೇಳಿದಳಲ್ಲ, ಅವಳ ಬಯಕೆ ತೀರಿಸಿದೆ ಎಂದು ಹೇಳಿಕೊಂಡರೆ ಚೆನ್ನಾಗಿರುತ್ತದೆ. ಆದರೆ ಅವಳು ಕೇಳುವ ಮೊದಲೇ ನನ್ನ ಕೈ ಅಲ್ಲಿತ್ತು. ನನ್ನ ಜನರೆಲ್ಲ ಒಂದೇ ದೋಣಿಯಲ್ಲಿ ಕೂತಿರಬೇಕು, ದೋಣಿ ಹೋಗುತ್ತಿರಬೇಕು, ಒಂದೇ ಒಂದು ಸಲ. ಅರವತ್ತೊಂದು ವರ್ಷದ ಗಂಡಸಿನ ಬಯಕೆಗೆ ಯಾರೂ ಹಸಿರು ಸೀರೆ ಉಡಿಸಿ ಊಟ ಹಾಕುವುದಿಲ್ಲ. ಮಗಳ ತವರನ್ನೇ ಪಣಕ್ಕಿಟ್ಟೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ, ಆ ಕಾಲು ತಾಸು ನೆನೆದರೆ ಈಗಲೂ ಸುಖವಾಗುತ್ತದೆ. ಎರಡೂ ನಿಜ. ಇನ್ನೊಂದು ಮಾತು, ಮುಂದಿನ ಹಗ್ಗವನ್ನು ನಾನು ಬಿಚ್ಚಿರಲಿಲ್ಲ. ಮುಂದೆ ಕೂತಿದ್ದವನು ಸೋಪಾನಕಾಕಾ. ನಾನು ಅವನನ್ನು ಕೇಳಿಲ್ಲ, ಅವನೂ ನನ್ನನ್ನು ಕೇಳಿಲ್ಲ.

ಈಗ ಮೊಮ್ಮಗಳಿಗೆ ಇಪ್ಪತ್ತು ದಿನ. ದೋಣಿ ನಾಲ್ಕು ಹಗ್ಗದಲ್ಲಿ ಬಂದೋಬಸ್ತಾಗಿ ನಿಂತಿದೆ, ಮೂರು ತಿಂಗಳು ಅಲ್ಲಾಡುವಂತಿಲ್ಲ. ಕಸ್ತೂರಿ ದಡದಲ್ಲಿ ನೀರು ಕಾಸುವ ಒಲೆ ಹೂಡಿದ್ದಾಳೆ, ತುಳಸಿಯ ಕುಂಡ ಇಟ್ಟಿದ್ದಾಳೆ, ಅಂಚೆಯವನೂ ನಮ್ಮ ವಿಳಾಸ ಕಲಿತಿದ್ದಾನೆ. ನಿನ್ನೆ ತೊಟ್ಟಿಲು ಕಟ್ಟುವ ಶಾಸ್ತ್ರ. ನಾನು ಹೊಸ ಹಗ್ಗ ತಂದಿದ್ದೆ. ಛಾವಣಿಯ ಕೊಂಡಿಗೆ ಕೈ ಹಾಕಿದ್ದೇ ತಡ, ಮಗಳು, ಹೆಂಡತಿ, ಬೀಗಿತ್ತಿ ಮೂವರೂ ಒಟ್ಟಿಗೆ, “ನೀವು ಮುಟ್ಟಬ್ಯಾಡ್ರಿ!” ಎಂದು ಕೂಗಿದರು. ಮೂವತ್ತೆರಡು ವರ್ಷ ಸ್ಟೋರ್ಸಿನಲ್ಲಿ ದುಡಿದವನು ಮೊಮ್ಮಗಳ ತೊಟ್ಟಿಲಿಗೆ ಒಂದು ಗಂಟು ಹಾಕಲಾಗದೆ ಪಕ್ಕಕ್ಕೆ ಸರಿದು ನಿಂತೆ. ಗಂಟು ಹಾಕಲು ಬರುತ್ತದೆ ಎಂದು ಹೇಳೋಣವೆಂದರೆ, ಬಿಚ್ಚಿದವನು ಯಾರು ಎಂದೂ ಹೇಳಬೇಕಾಗುತ್ತದೆ. ಸುಮ್ಮನೆ ಹಗ್ಗವನ್ನು ಕಸ್ತೂರಿಯ ಕೈಗೆ ಕೊಟ್ಟೆ.