ಪೊಳ್ಳಾಚಿ ಬೆಲ್ಲ ನಲವತ್ತೇಳು

ಹ್ಯಾಕರ್‌ಗಳ ಮುತ್ತಾತನೇ ಎದ್ದು ಬಂದರೂ ನನ್ನ ಪಾಸ್‌ವರ್ಡ್ ಹ್ಯಾಗೆ ಕದಿಯುತ್ತಾನೋ ನೋಡಿಯೇ ಬಿಡುತ್ತೇನೆ ಎಂದು ಘೋಷಿಸಿದ್ದೆ! ಕೊಯಮತ್ತೂರಿನ ಪೀಳಮೇಡಿನಲ್ಲಿರುವ ವಿಡಿಯೊ ಗೇಮ್ ಕಂಪನಿಯೊಂದಕ್ಕೆ ನಾನು ಭದ್ರತಾ ಮುಖ್ಯಸ್ಥ. ಶುಕ್ರವಾರ ಬಿಡುಗಡೆಯಾಗಬೇಕಿದ್ದ ಗೇಮ್ ಇದ್ದ ಸರ್ವರ್‌ನ ಪಾಸ್‌ವರ್ಡ್ ಗೊತ್ತಿದ್ದದ್ದು ಇಬ್ಬರಿಗೇ: ನನಗೆ ಮತ್ತು ಡೈರೆಕ್ಟರ್ ಕೃತ್ತಿಕಾ ಅವರಿಗೆ.

"ಗೇಮ್ ಲೀಕಾದ್ರೆ ಅದರ ಜೊತೆ ನಿಮ್ಮನ್ನೂ ರಿಲೀಸ್ ಮಾಡ್ತೀನಿ ಸಾರ್" ಎಂದಿದ್ದರು ಅವರು.

'ಪಾಸ್‌ವರ್ಡ್ ಬರೆದಿಡುವುದು ಮಹಾಪಾಪ' ಎಂದು ಪ್ರತಿ ಸೋಮವಾರ, ಕಾನ್ವೆಂಟಿನಲ್ಲಿ ನನ್ನ ಕಿವಿ ಹಿಂಡಿದ ಸಿಸ್ಟರ್ ಧಾಟಿಯಲ್ಲೇ, ಸಿಬ್ಬಂದಿಗೆ ಉಪದೇಶಿಸುತ್ತಿದ್ದೆ. ಪಾಪ, ನನಗೇ ಪಾಸ್‌ವರ್ಡ್ ನೆನಪಿರುತ್ತಿರಲಿಲ್ಲ! ಹಾಗಾಗಿ ಆಫೀಸಿನ ಹೆಸರು ಅಚ್ಚಾದ ಚೀಟಿಯೊಂದರಲ್ಲಿ 'ಪೊಳ್ಳಾಚಿ ಬೆಲ್ಲ 47' ಎಂದು ಕನ್ನಡದಲ್ಲಿ ಬರೆದು ಮನೆಯ ಫ್ರಿಜ್ಜಿಗೆ ಅಂಟಿಸಿದ್ದೆ. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಬೀಗ ತೆರೆಯುತ್ತಿತ್ತು. ಎರಡು ಹಂತದ ಭದ್ರತೆ! ನೋಡಿದರೆ ದಿನಸಿ ಚೀಟಿ. ಅದನ್ನಾದರೂ ಓದಲು ಕೊಯಮತ್ತೂರಿನಲ್ಲಿ ಕನ್ನಡ ಅಕ್ಷರ ಬಲ್ಲವರೆಷ್ಟು ಮಂದಿ?

ನನ್ನ ಹೆಂಡತಿ ನಿತ್ಯಾಗೂ ಬಾರದು. ತಲೆಮಾರುಗಳಿಂದ ಇಲ್ಲೇ ಮಗ್ಗ ಹಾಕಿಕೊಂಡ ಮನೆತನ. ಮಾತು ಕನ್ನಡ, 'ರೀ' ಬದಲು ಮಾತ್ರ ತಮಿಳಿನ 'ಉಂಗ'; ಓದು ತಮಿಳು. ಮದುವೆಯಾದ ಹೊಸದರಲ್ಲಿ "ಏನುಂಗ, ನಂಗೂ ಅಕ್ಷರ ಕಲಿಸಿಕೊಡಿ" ಎಂದು ಕೇಳಿದ್ದಳು. ಕನ್ನಡ ವಾರಪತ್ರಿಕೆಯಿಂದ ಮುಖ ಎತ್ತದೆ ಹೇಳಿದ್ದೆ: "ನಿನಗ್ಯಾಕೆ ಅದೆಲ್ಲ?"

ಗುರುವಾರ ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ಗುಡುಗು.

"ಸಾರ್! ಪೊಳ್ಳಾಚಿ ವೆಲ್ಲಂ! ನಾಪ್ಪತ್ತೇಳು ಕಿಲೋ!"

ಬೆಲ್ಲದ ಮಂಡಿಯ ಮೈಲ್‌ಸಾಮಿ ದೊಪ್ಪನೆ ಮೂಟೆ ಇಳಿಸಿದ. ನನ್ನ ಎದೆಯೂ ಅದರ ಜೊತೆಗೇ ಇಳಿಯಿತು. ಕೃತ್ತಿಕಾ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ನಮ್ಮ ಪಾಸ್‌ವರ್ಡ್‌ನ ಈ ಅಣ್ಣ ಯಾಕೆ ಕೂಗ್ತಿದಾರೆ ಸಾರ್?"

ಫ್ರಿಜ್ಜಿನ ಚೀಟಿಯ ವಿಷಯ ಬಾಯಿಬಿಟ್ಟೆ. ಅವರ ಅಪ್ಪಣೆಯಂತೆ ಮನೆಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ.

"ಬೆಲ್ಲ ಬಂತುಂಗಳಾ?" ನಿತ್ಯಾಳ ದನಿಯಲ್ಲಿ ದೀಪಾವಳಿ! "ಮೂರು ತಿಂಗಳಿಂದ ಕನ್ನಡ ಸಂಘದ ಭಾನುವಾರದ ಕ್ಲಾಸಿಗೆ ಹೋಗ್ತಿದೀನಿ. ನಮ್ಮನೇಲಿ ನಾನೇ ಓದಿದ ಮೊದಲ ಚೀಟಿ ಅದು! ಆಫೀಸ್ ಚೀಟಿ ತಾನೆ, ಗೇಮ್ ರಿಲೀಸಿಗೆ ಎಲ್ಲರಿಗೂ ಹಂಚೋಕೆ ಅಂತ ಅಲ್ಲಿಗೇ ಕಳಿಸಿದೆ. ಸರಿಯಾಗಿ ಓದಿದೀನಾ?"

"ತುಂಬಾ ಸರಿಯಾಗಿ" ಎಂದೆ. ಅಷ್ಟೊಂದು ಸರಿಯಾಗಿ ಓದುವ ಅಗತ್ಯವಿರಲಿಲ್ಲ.

"ಹೋದ ತಿಂಗಳು ನಮ್ಮ ಬೀಗ ಮುರಿದು ನೋಡಿ ಅಂತ ಒಂದು ಕಂಪನೀನೇ ಕರೆಸಿದ್ವಿ" ಎಂದರು ಕೃತ್ತಿಕಾ. "ವಾರವೆಲ್ಲಾ ಗುದ್ದಾಡಿ ಸೋತು ಹೋದ್ರು. ಅಕ್ಕ ಹಾಲು ತೆಗೆಯೋಕೆ ಹೋಗಿ ಮುರಿದುಬಿಟ್ರಲ್ಲಾ!"

ನನ್ನ ಫೋನ್ ಕಸಿದುಕೊಂಡು ಕ್ಯಾಬಿನ್ ಸೇರಿದವರು ಹತ್ತು ನಿಮಿಷ ಬಿಟ್ಟು ಹೊರಬಂದರು. "ಸರ್ವರ್‌ಗೆ ಯಾರೂ ನುಗ್ಗಿಲ್ಲ. ಕೆಲಸ ಉಳೀತು ಸಾರ್. ಹೊಸ ಪಾಸ್‌ವರ್ಡ್ ನಂಗೂ ಅಕ್ಕನಿಗೂ ಮಾತ್ರ ಗೊತ್ತು. ಅವರು ಬರೆದಿಡಲ್ಲ, ನೆನಪಿಟ್ಕೋತಾರಂತೆ."

ಸಂಜೆ ಮನೆಗೆ ಬಂದು, ನಾಲಿಗೆಗೆ ಒಂದಿಷ್ಟು ಬೆಲ್ಲ ಸವರಿಕೊಂಡು ಕೇಳಿದೆ: "ನಿತ್ಯಾ, ಆ ಹೊಸ ಪಾಸ್‌ವರ್ಡ್ ಏನಮ್ಮಾ?"

ನನ್ನ ವಾರಪತ್ರಿಕೆ ಅವಳ ಕೈಯಲ್ಲಿತ್ತು. ಅಕ್ಷರಕ್ಕೆ ಅಕ್ಷರ ಕೂಡಿಸುತ್ತಿದ್ದವಳು ಮುಖ ಎತ್ತಲೇ ಇಲ್ಲ.

"ನಿಮಗ್ಯಾಕುಂಗ ಅದೆಲ್ಲ?"